ಯಂತ್ರದ ಆಚೆಗಿನ ಆಸರೆ

ಮೂತ್ರಪಿಂಡ ರೋಗಿಗಳ ನೆರವಿಗೆಂದೇ ಪ್ರತ್ಯೇಕ ಸಂಸ್ಥೆಗಳು ಏಕೆ ಹುಟ್ಟಿಕೊಂಡವು? ಈ ಪ್ರಶ್ನೆಗೆ ಉತ್ತರ ಆ ಚಿಕಿತ್ಸೆಯ ಚರಿತ್ರೆಯಲ್ಲಿಯೇ ಇದೆ.

ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಸೆಲೊಫೇನ್ ಕೊಳವೆಯನ್ನು ಉರುಳೆಯೊಂದಕ್ಕೆ ಸುತ್ತಿ ರಕ್ತಶುದ್ಧಿಯ ಯಂತ್ರವನ್ನು ರೂಪಿಸಿದರು. 1945ರಲ್ಲಿ ಅದರ ನೆರವಿನಿಂದ ಮೊದಲ ರೋಗಿ ಬದುಕುಳಿದರು. ಆದರೆ ಪ್ರತಿಸಲವೂ ರಕ್ತನಾಳವನ್ನು ಹೊಸದಾಗಿ ಕೊಯ್ಯಬೇಕಿದ್ದುದರಿಂದ ದೀರ್ಘಕಾಲದ ಚಿಕಿತ್ಸೆ ಅಸಾಧ್ಯವಾಗಿತ್ತು. 1960ರಲ್ಲಿ ಸಿಯಾಟಲಿನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲಿಯೇ ಉಳಿಯುವ ಕೊಳವೆಯನ್ನು ಸಿದ್ಧಪಡಿಸಿ ಆ ತೊಡಕನ್ನು ನಿವಾರಿಸಿದರು.

ಅಲ್ಲಿಂದ ಹೊಸ ಸಂಕಟವೊಂದು ತಲೆದೋರಿತು. ವಾರಕ್ಕೆ ಎರಡು ಮೂರು ಬಾರಿ, ಪ್ರತಿಸಲ ಸುಮಾರು ನಾಲ್ಕು ಗಂಟೆ, ಅದೂ ಬದಲಿ ಮೂತ್ರಪಿಂಡ ದೊರೆಯದಿದ್ದರೆ ಜೀವಮಾನವಿಡೀ. ಈ ವೆಚ್ಚವನ್ನು ಹೊರುವವರಾರು? ಅಮೆರಿಕದಲ್ಲಿ 1972ರ ಕಾನೂನಿನಂತೆ ಅದರ ಬಹುಭಾಗವನ್ನು ಸರ್ಕಾರವೇ ವಹಿಸಿಕೊಂಡಿತು. ನಮ್ಮಲ್ಲಿ ಆ ಭಾರ ಬಹುಕಾಲ ಮನೆಯವರ ಹೆಗಲ ಮೇಲೆಯೇ ಉಳಿಯಿತು. ಈ ಕೊರತೆಯನ್ನು ಕಂಡೇ ದಾನಿಗಳೂ ವೈದ್ಯರೂ ಮುಂದೆ ಬಂದರು. ಬೆಂಗಳೂರು ಕಿಡ್ನಿ ಫೌಂಡೇಶನ್ 1979ರಲ್ಲಿ, ಚೆನ್ನೈಯ ಟ್ಯಾಂಕರ್ ಪ್ರತಿಷ್ಠಾನ 1993ರಲ್ಲಿ ಆರಂಭವಾದವು. ಬಡವರಿಗೆ ಕೈಗೆಟುಕುವ ಡಯಾಲಿಸಿಸ್ ಒದಗಿಸುವುದು ಅವುಗಳ ಮುಖ್ಯ ಕಾಯಕ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಬಿಟ್ಟಂಗಾಲದ ಕಡೆಯ ಹುಡುಗನೊಬ್ಬ ವಾರದಲ್ಲಿ ಎರಡು ದಿನ ತರಗತಿಗೆ ಬರುತ್ತಿರಲಿಲ್ಲ. ವಿಚಾರಿಸಿದಾಗ, "ಅಪ್ಪನನ್ನು ಮೈಸೂರಿಗೆ ಕರೆದೊಯ್ಯಬೇಕು ಸಾರ್" ಎಂದ. ತಂದೆ ಕಾಫಿ ತೋಟದ ಕೂಲಿಯಾಳು. ಯಂತ್ರದ ಮುಂದೆ ನಾಲ್ಕು ಗಂಟೆಯಾದರೂ, ವಿರಾಜಪೇಟೆಗೆ ಹೋಗಿ ಬಸ್ಸು ಹಿಡಿದು ಹೋಗಿಬರುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಇಬ್ಬರ ಪ್ರಯಾಣದ ಖರ್ಚು, ಒಂದು ದಿನದ ಕೂಲಿ, ಮಗನ ಪಾಠ ಎಲ್ಲವೂ ಅದರೊಡನೆ ಹೋಗುತ್ತಿದ್ದವು. ಆಸ್ಪತ್ರೆಯ ರಸೀದಿಯಲ್ಲಿ ಇವು ಯಾವುವೂ ಕಾಣುವುದಿಲ್ಲ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟವಾಗಿ, ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಸೇವೆಯ ಹಾದಿ ತೆರೆಯಿತು. ಇದು ದೊಡ್ಡ ಉಪಕಾರ. ಆದರೂ ಗುಡ್ಡಗಾಡಿನ ಹಳ್ಳಿಯಿಂದ, ಮುಂಗಾರಿನ ಜಡಿಮಳೆಯಲ್ಲಿ, ಯಂತ್ರದವರೆಗೆ ತಲುಪುವ ದಾರಿಯನ್ನು ಯಾವ ಯೋಜನೆಯೂ ಪೂರ್ತಿಯಾಗಿ ಕಿರಿದಾಗಿಸಲಾರದು. ಸಹಾಯಸಂಸ್ಥೆ ಎಂದೊಡನೆ ಲಕ್ಷಾಂತರ ರೂಪಾಯಿಯ ನಿಧಿಯನ್ನೇ ನೆನೆಯಬೇಕಿಲ್ಲ, ಓದುಗ ಮಿತ್ರರೇ. ನೆರೆಮನೆಯ ರೋಗಿಯೊಡನೆ ಸರದಿಯಂತೆ ಹೋಗಿಬರುವ ನಾಲ್ವರು ಸೇರಿದರೂ ಅದು ಸಂಸ್ಥೆಯೇ. ಆ ಮನೆಯ ಮಗು ಅಂದು ಶಾಲೆಗೆ ಹೋಗುತ್ತದೆ.