ಸಂಬಳ ಲೆಕ್ಕ ಹಾಕೋರ ಸಂಬಳದ ಕಥೆ

ಬರಹ ಸ್ವಲ್ಪ ಉದ್ದ ಆಗಿದೆ, ಬಿಡುವಿದ್ದಾಗ ಓದಿ.

ಡಿಗ್ರಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಇತ್ತೀಚೆಗೆ ನನ್ನನ್ನ ಪದೇ ಪದೇ ಕೇಳೋದು ಒಂದೇ ಪ್ರಶ್ನೆ. "ಅಣ್ಣ, ಪೇರೋಲ್ ಕಂಪನಿಯಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ. ನೀವು ಅಂಥದ್ರಲ್ಲೇ ತಾನೇ ಇರೋದು? ಕೆಲಸ ಹೆಂಗಿರುತ್ತೆ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಒಳ್ಳೇದು ಕೆಟ್ಟದ್ದು ಎಲ್ಲಾ ಸೇರಿಸಿ ಇಲ್ಲೇ ಬರೆದುಬಿಡ್ತೀನಿ. ಕಂಪನಿ ಹೆಸರು ಮಾತ್ರ ಕೇಳಬೇಡಿ. ಇನ್ನೂ ಅಲ್ಲೇ ಇದ್ದೀನಿ, ಇಎಂಐ ಬೇರೆ ಇದೆ.

ಗೊತ್ತಿಲ್ಲದವರಿಗೆ: ಪೇರೋಲ್ ಕಂಪನಿ ಅಂದ್ರೆ ಬೇರೆ ಬೇರೆ ಕಂಪನಿಗಳ ನೌಕರರ ಸಂಬಳದ ಲೆಕ್ಕ ಹಾಕಿಕೊಡೋ ಕಂಪನಿ. ತಿಂಗಳ 20ನೇ ತಾರೀಖು ದಾಟಿತು ಅಂದ್ರೆ ಕ್ಲೈಂಟ್‌ಗಳಿಂದ ಹಾಜರಾತಿ, ರಜೆ, ಹೊಸದಾಗಿ ಸೇರಿದವರು, ಬಿಟ್ಟುಹೋದವರು, ಅಡ್ವಾನ್ಸ್ ತಗೊಂಡವರು ಎಲ್ಲಾ ಎಕ್ಸೆಲ್ ಶೀಟುಗಳಲ್ಲಿ ಬಂದು ಬೀಳ್ತವೆ. ಅದನ್ನ ಸಾಫ್ಟ್‌ವೇರ್‌ಗೆ ಹಾಕಿ, ಹೋದ ತಿಂಗಳ ಜೊತೆ ತಾಳೆ ನೋಡಿ, ಬ್ಯಾಂಕಿಗೆ ಕಳಿಸೋ ಫೈಲ್ ಮಾಡಿ, ಪೇಸ್ಲಿಪ್ ಬಿಡಬೇಕು. ಆಮೇಲೆ 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ವೃತ್ತಿ ತೆರಿಗೆ. ಅಷ್ಟೊತ್ತಿಗೆ ಮುಂದಿನ ತಿಂಗಳ ಶೀಟು ಬಂದಿರುತ್ತೆ. ಎತ್ತಿನ ಗಾಣ.

ನನಗೆ ಇಷ್ಟ ಆಗಿದ್ದು ಮೊದಲು ಹೇಳ್ತೀನಿ. ನಮ್ಮಪ್ಪ ಮಾಲೂರು ಕಡೆ ಒಬ್ಬರ ಮನೇಲಿ ಜೀತಕ್ಕಿದ್ರು. ಜೀತ ರದ್ದು ಮಾಡಿ 1976ರಲ್ಲೇ ಕಾಯ್ದೆ ಬಂದಿತ್ತು, ನಮ್ಮೂರಿಗೆ ಅದು ಬರೋಕೆ ಇನ್ನೂ ಹದಿನೈದು ವರ್ಷ ಹಿಡೀತು. ಅಪ್ಪನ ಕೂಲಿ, ಸಾಲ, ರಾಗಿ ಎಲ್ಲದರ ಲೆಕ್ಕ ಆ ಮನೆಯ ಒಂದು ಉದ್ದನೆಯ ಪುಸ್ತಕದಲ್ಲಿತ್ತು. ಪ್ರತಿ ಯುಗಾದಿಗೂ ಸಾಲ ಬೆಳೀತಿತ್ತು. ಯಾಕೆ ಬೆಳೀತು ಅಂತ ಕೇಳೋಕೆ ಅಪ್ಪನಿಗೆ ಓದು ಬರ್ತಿರಲಿಲ್ಲ, ಆ ಪುಸ್ತಕ ಮುಟ್ಟೋ ಹಾಗೂ ಇರಲಿಲ್ಲ. ಅಂಥವರ ಮಗ ಇವತ್ತು ಸಾವಿರಾರು ಜನರ ಸಂಬಳದ ಪುಸ್ತಕ ಬರೀತಾನೆ. ಬ್ಯಾಂಕ್ ಫೈಲ್ ಹೋದ ರಾತ್ರಿ, ಇಷ್ಟು ಮನೆಗಳಿಗೆ ಬೆಳಿಗ್ಗೆ ದುಡ್ಡು ಸೇರುತ್ತೆ ಅಂತ ನೆನೆದಾಗ ಈಗಲೂ ಒಂಥರಾ ಖುಷಿ. ನನ್ನ ಸಂಬಳವೂ ತಾರೀಖಿಗೆ ಸರಿಯಾಗಿ ಬರುತ್ತೆ. ನಮ್ಮಪ್ಪನಿಗೆ ತಿಂಗಳ ತಾರೀಖು ಅನ್ನೋದೇ ಇರಲಿಲ್ಲವಲ್ಲ.

ಎರಡನೇದು ವಿದ್ಯೆ. ಬಿಎ ಓದಿದವನಿಗೆ ಪಿಎಫ್ ಕಾಯ್ದೆ, ಆದಾಯ ತೆರಿಗೆ ಎಲ್ಲಾ ಇಲ್ಲೇ ಕಲಿಸಿದ್ರು. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು ಅಂತ ನಾವು ಭಾಷಣದಲ್ಲಿ ಹೇಳ್ತೀವಿ. ಕನಿಷ್ಠ ವೇತನದ ಮಸೂದೆಯನ್ನ 1946ರಲ್ಲಿ ಮಂಡಿಸಿದ್ದು ಅವರೇ. 1948ರಲ್ಲಿ ಅದು ಕಾಯ್ದೆ ಆದಾಗ ಕಾರ್ಮಿಕ ಮಂತ್ರಿ ಬಾಬು ಜಗಜೀವನ್ ರಾಂ. ಭಾಷಣದಲ್ಲಿ ಹೇಳೋದು ಬೇರೆ, ಆ ಕಾಯ್ದೆ ಒಬ್ಬ ಅಕ್ಕನ ಪೇಸ್ಲಿಪ್ಪಿನ ಯಾವ ಸಾಲಿನಲ್ಲಿ ಕೂತಿದೆ ಅಂತ ಬೆರಳಿಟ್ಟು ತೋರಿಸೋದು ಬೇರೆ. ಎರಡನೇದನ್ನ ನಾನು ಕಲಿತದ್ದು ಈ ಕೆಲಸದಿಂದ.

ಇನ್ನು ಕಷ್ಟ. ತಿಂಗಳ ಕೊನೆಯ ಹತ್ತು ದಿನ ಮನೆಯವರು ನಿಮ್ಮನ್ನ ಮರೀಬೇಕು. ರಾತ್ರಿ ಹತ್ತಕ್ಕೆ ಕ್ಲೈಂಟ್ ಫೋನ್ ಮಾಡಿ "ಇಬ್ಬರ ಹಾಜರಾತಿ ಬಿಟ್ಟುಹೋಗಿದೆ" ಅಂತಾರೆ. ಸರಿ ಇದ್ದ 2,000 ಪೇಸ್ಲಿಪ್‌ಗೆ ಯಾರೂ ಥ್ಯಾಂಕ್ಸ್ ಹೇಳಲ್ಲ, ತಪ್ಪಾದ ಒಂದಕ್ಕೆ ಮೇಲಿನವರೆಗೂ ಮೇಲ್ ಹೋಗುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ಬಾಡಿಗೆ ರಸೀದಿ, ಎಲ್‌ಐಸಿ ರಸೀದಿ ನೋಡಿ ನೋಡಿ ಕಣ್ಣು ಉರಿಯುತ್ತೆ. ಸ್ವಂತ ಅಪ್ಪನಿಗೇ ತಿಂಗಳಿಗೆ 30,000 ಬಾಡಿಗೆ ಕೊಡ್ತೀನಿ ಅಂತ ಬರೆಯೋರು ಎಷ್ಟು ಜನ! ಅಪ್ಪನ ಪಾನ್ ಕೇಳಿದ್ರೆ ಸಿಟ್ಟು.

ನಮ್ಮಂಥವರಿಗೆ ಇನ್ನೊಂದು ತೊಂದರೆ ಇದೆ. ಪಿಎಫ್, ಇಎಸ್‌ಐ ಕಟ್ಟೋ ಕೊನೇ ದಿನ 15. ಏಪ್ರಿಲ್ 14 ಯಾವ ದಿನ ಅಂತ ನಿಮಗೆ ಹೇಳಬೇಕಾಗಿಲ್ಲ. ಕೊನೇ ದಿನ ಪೋರ್ಟಲ್ ತೆವಳುತ್ತೆ, ಹಾಗಾಗಿ 14ಕ್ಕೇ ಮುಗಿಸಿ ಅಂತಾರೆ. ಸರ್ಕಾರಿ ಕಚೇರಿಗೆ ಅವತ್ತು ರಜೆ. ಖಾಸಗಿಯವರು ನಮ್ಮ ರಾಜ್ಯದ ಕಾಯ್ದೆ ಪ್ರಕಾರ ಕಡ್ಡಾಯ ಕೊಡಬೇಕಾದದ್ದು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಹಬ್ಬದ ರಜೆಗಳ ಪಟ್ಟಿಯಲ್ಲಿ ಜಯಂತಿ ಸೇರಿಸೋದು ಬಿಡೋದು ಆಯಾ ಕಂಪನಿಗೆ ಬಿಟ್ಟದ್ದು. ನಮ್ಮಲ್ಲಿ ಸೇರಿಸಿಲ್ಲ. ನಾನು ಪ್ರತಿ ವರ್ಷ ಮಾರ್ಚ್‌ನಲ್ಲೇ ರಜೆ ಅರ್ಜಿ ಹಾಕ್ತೀನಿ, 13ರ ರಾತ್ರಿ ಎರಡು ಗಂಟೆವರೆಗೆ ಕೂತು ಫೈಲ್ ಎಲ್ಲಾ ಏರಿಸಿ ಬರ್ತೀನಿ, ಬೆಳಿಗ್ಗೆ ಕೆಂಪು ಕಣ್ಣಲ್ಲೇ ಮೆರವಣಿಗೆ. ಮೊದಲ ವರ್ಷ ಟೀಮ್ ಲೀಡರ್ "ಏನು ಸರ್, ಮನೇಲಿ ಫಂಕ್ಷನ್ನಾ?" ಅಂದ್ರು. "ಹೌದು, ಮನೇದೇ" ಅಂದೆ. ಮಾರನೇ ದಿನ ನೀಲಿ ಶಾಲು ಹಾಕಿಕೊಂಡಿರೋ ಫೋಟೋ ಯಾರೋ ನೋಡಿದ್ರು. ಅಲ್ಲಿಂದ ಮಧ್ಯಾಹ್ನ ಊಟಕ್ಕೆ ಕೂರುವಾಗ ಮಾತಿನ ಧಾಟಿ ಸ್ವಲ್ಪ ಬದಲಾಯ್ತು. ಯಾರೂ ಏನೂ ಅನ್ನಲ್ಲ. ಡಬ್ಬಿಯಿಂದ ಡಬ್ಬಿಗೆ ಪಲ್ಯ ಹೋಗೋದು ನಿಂತುಹೋಯ್ತು, ಅಷ್ಟೇ.

ನಮ್ಮ ಎಕ್ಸೆಲ್ ಶೀಟಿನಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಡಿಪಾರ್ಟ್‌ಮೆಂಟು, ಬ್ಯಾಂಕ್ ಖಾತೆ ಎಲ್ಲಾ ಇರುತ್ತೆ. ಜಾತಿ ಕಾಲಂ ಇರಲ್ಲ. ಆದರೆ ಶೀಟನ್ನ ಸಂಬಳದ ಮೇಲೆ ಜೋಡಿಸಿ ನೋಡಿ. ಮೇಲಿನ ಸಾಲುಗಳಲ್ಲಿ ಯಾವ ಸರ್‌ನೇಮುಗಳು, ಕೊನೇ ಸಾಲುಗಳಲ್ಲಿ ಯಾವ ಕಾಲೋನಿಯ ವಿಳಾಸಗಳು ಅಂತ ಕಣ್ಣಿಗೆ ಬಡಿಯುತ್ತೆ. ಹೌಸ್‌ಕೀಪಿಂಗ್, ಲೋಡಿಂಗ್, ಗಾರ್ಡನ್. ಹುಟ್ಟಿದ ದಿನ ಬಹಳಷ್ಟು ಜನಕ್ಕೆ ಜನವರಿ 1, ಯಾಕಂದ್ರೆ ಯಾರೂ ಬರೆದಿಟ್ಟಿರಲಿಲ್ಲ. ಇದೇನು ಹೊಸ ವಿಷಯ ಅಲ್ಲ. ಮುಂಬೈ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನ ಸೇರಿಸ್ತಿರಲಿಲ್ಲ. ನೂಲು ಕಿತ್ತಾಗ ಬಾಯಿಂದ ಎಳೆದು ಸೇರಿಸಬೇಕಿತ್ತು, ಎಂಜಲು ಆಗುತ್ತೆ ಅನ್ನೋ ಕಾರಣ. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನ ಎತ್ತಿದ್ರು. ಈಗ ನೂಲೂ ಇಲ್ಲ, ಎಂಜಲೂ ಇಲ್ಲ. ವಿಭಾಗ ಮಾತ್ರ ಹಾಗೇ ಇದೆ.

ಕೆಲವು ವರ್ಷದ ಹಿಂದೆ ನನ್ನ ಮೇಜಿಗೆ ಒಂದು ಹೌಸ್‌ಕೀಪಿಂಗ್ ಗುತ್ತಿಗೆದಾರನ ಫೈಲ್ ಬಂತು. 60 ಜನ. ಕಡಿತದ ಕಡೆ ಪಿಎಫ್ ಅಂತ ಒಂದು ಕಾಲಂ, "ಪಿಎಫ್-2" ಅಂತ ಇನ್ನೊಂದು. ಲೆಕ್ಕ ಬಿಡಿಸಿ ಹೇಳ್ತೀನಿ. ಸಂಬಳ 13,000 ಅಂತ ಇಟ್ಕೊಳ್ಳಿ. ಕಾರ್ಮಿಕರ ಪಾಲಿನ ಪಿಎಫ್ ಶೇಕಡಾ 12, ಅಂದ್ರೆ 1,560. ಇಎಸ್‌ಐ ಶೇಕಡಾ 0.75, ಅಂದ್ರೆ 98. ಇಷ್ಟು ಹಿಡಿದ ಮೇಲೆ ಕೈಗೆ 11,342 ಬರಬೇಕು. ಮಾಲೀಕನ ಪಾಲು ಬೇರೆ: ಪಿಎಫ್, ವಿಮೆ, ಆಡಳಿತ ವೆಚ್ಚ ಸೇರಿ ಶೇಕಡಾ 13, ಅಂದ್ರೆ 1,690, ಇಎಸ್‌ಐ ಶೇಕಡಾ 3.25, ಅಂದ್ರೆ 423. ಇದನ್ನ ಮಾಲೀಕ ತನ್ನ ಜೇಬಿಂದ ಕಟ್ಟಬೇಕು. ಕಾರ್ಮಿಕರ ಸಂಬಳದಿಂದ ಹಿಡಿಯೋ ಹಾಗಿಲ್ಲ ಅಂತ 1952ರ ಪಿಎಫ್ ಸ್ಕೀಮಿನಲ್ಲೇ ಸ್ಪಷ್ಟ ಇದೆ. ಈ ಪುಣ್ಯಾತ್ಮ ಅದನ್ನೂ ಅವರಿಂದಲೇ ಹಿಡಿದಿದ್ದ. ಕೈಗೆ ಬರ್ತಿದ್ದದ್ದು 9,229. ತಲೆಗೆ 2,113ರ ಹಾಗೆ 60 ಜನರಿಂದ ತಿಂಗಳಿಗೆ 1,26,780 ರೂಪಾಯಿ.

ಮ್ಯಾನೇಜರ್‌ಗೆ ತೋರಿಸಿದೆ. "ಕ್ಲೈಂಟ್ ಏನು ಕೊಡ್ತಾರೋ ಅದನ್ನ ಪ್ರೊಸೆಸ್ ಮಾಡೋದಷ್ಟೇ ನಮ್ಮ ಕೆಲಸ. ನಾವೇನು ಆಡಿಟರಾ?" ಅಂದ್ರು. ಬಾಯಲ್ಲಿ ಹೇಳಿದ್ದು ಸಾಕಾಗಲ್ಲ ಅಂತ ನಿಯಮದ ನಂಬರು ಹಾಕಿ ಮೇಲ್ ಬರೆದೆ. ಉತ್ತರ ಇಲ್ಲ. ಮುಂದಿನ ತಿಂಗಳು ಮತ್ತೆ ಬರೆದೆ, ಈ ಸಲ ಕಂಪ್ಲಯನ್ಸ್ ವಿಭಾಗಕ್ಕೂ ಹಾಕಿ. ಮೂರನೇ ತಿಂಗಳು "ಪಿಎಫ್-2" ಕಾಲಂ ಶೀಟಿನಿಂದ ಮಾಯ. ಹಳೇ ತಿಂಗಳುಗಳ ದುಡ್ಡು ವಾಪಸ್ ಬಂತಾ? ಇಲ್ಲ. ನನ್ನನ್ನ ಆ ಕ್ಲೈಂಟ್‌ನಿಂದ ತೆಗೆದು ಬೇರೆ ಟೀಮಿಗೆ ಹಾಕಿದ್ರು. ಆ ವರ್ಷದ ಇನ್‌ಕ್ರಿಮೆಂಟ್ ಪತ್ರದಲ್ಲಿ "ಟೀಮ್ ಸ್ಪಿರಿಟ್ ಸುಧಾರಿಸಬೇಕು" ಅಂತಿತ್ತು. ಎಲ್ಲರ ಸಂಬಳ ಏರೋದನ್ನ ಟೈಪ್ ಮಾಡೋ ಕೈ ನಮ್ಮದು, ನಮ್ಮ ಸಂಬಳ ಏರೋದು ಮಾತ್ರ ಬೇರೆ ಯಾರೋ ಬರೀತಾರೆ.

ಕೆಲವರು ಕೇಳ್ತಾರೆ, ಅಷ್ಟೆಲ್ಲಾ ಗೊತ್ತಿದ್ದೂ ಆ ಶೀಟು ತಂದು ಹೊರಗೆ ಹಾಕಬಹುದಿತ್ತಲ್ಲ ಅಂತ. ಹಾಕಲ್ಲ. ಒಬ್ಬರ ಸಂಬಳ ಇನ್ನೊಬ್ಬರಿಗೆ ಹೇಳದೇ ಇರೋದು ಈ ಕೆಲಸದ ಧರ್ಮ. ಅದೇ ಶೀಟಿನಲ್ಲಿ ಗಂಡನಿಗೆ ಗೊತ್ತಿಲ್ಲದ ಹಾಗೆ ತಾಯಿ ಮನೆಗೆ ದುಡ್ಡು ಕಳಿಸೋ ಹೆಣ್ಣುಮಗಳ ಖಾತೆನೂ ಇರುತ್ತೆ. ಆದರೆ ಅವರವರ ಪೇಸ್ಲಿಪ್ ಅವರವರದ್ದು. ಅವರೇ ತಂದು "ಓದಿ ಹೇಳಣ್ಣ" ಅಂದ್ರೆ ಓದೋದಕ್ಕೆ ನನ್ನನ್ನ ಯಾರೂ ತಡೆಯೋ ಹಾಗಿಲ್ಲ.

ಶುರುವಾಗಿದ್ದು ನಮ್ಮ ಆಫೀಸಿನಲ್ಲೇ ನೆಲ ಒರೆಸೋ ಅಕ್ಕನಿಂದ. ಬೇರೆ ಏಜೆನ್ಸಿಯವರು. ಮೊದಲು "ಸರ್" ಅಂತಿದ್ರು. ನನ್ನ ಕೀ ಬಂಚಿನಲ್ಲಿ ಬಾಬಾಸಾಹೇಬರನ್ನ ನೋಡಿದ ದಿನದಿಂದ "ಅಣ್ಣ" ಆಯ್ತು. ಅವರ ಗಂಡ ಹೊಸಕೋಟೆ ಕಡೆ ಗೋಡೌನಿನಲ್ಲಿ ಲೋಡಿಂಗ್ ಮಾಡ್ತಿದ್ದವರು, ಎದೆನೋವು ಬಂದು ತೀರಿಕೊಂಡಿದ್ರು. ಗುತ್ತಿಗೆದಾರ ಮಣ್ಣಿಗೆ ಅಂತ 20,000 ಕೊಟ್ಟು "ಲೆಕ್ಕ ಮುಗೀತು" ಅಂದಿದ್ದ. ಕೆಲಸದಲ್ಲಿರುವಾಗಲೇ ತೀರಿಕೊಂಡ್ರೆ ಪಿಎಫ್ ದುಡ್ಡಲ್ಲದೆ ಹೆಂಡತಿಗೆ ಪಿಂಚಣಿ, ಮೇಲೆ ಇಡಿಎಲ್‌ಐ ಅಂತ ವಿಮೆ ಇರುತ್ತೆ, ಗರಿಷ್ಠ 7 ಲಕ್ಷದವರೆಗೆ. ಆ ವಿಮೆಗೆ ಕಾರ್ಮಿಕರ ಸಂಬಳದಿಂದ ಒಂದು ಪೈಸಾನೂ ಹಿಡಿಯಲ್ಲ, ಅದಕ್ಕೇ ಅದು ಇರೋದು ಯಾರಿಗೂ ಗೊತ್ತಿರಲ್ಲ. ಫಾರಂ 20, 10ಡಿ, 5ಐಎಫ್ ತುಂಬಿಸಿದ್ವಿ. ಗಂಡನ ಹೆಸರು ಆಧಾರ್‌ನಲ್ಲಿ ಒಂದು ಥರ, ಪಿಎಫ್‌ನಲ್ಲಿ ಇನ್ನೊಂದು ಥರ. ಮುನಿಯಪ್ಪ ಅನ್ನೋ ಹೆಸರನ್ನ ಇಂಗ್ಲಿಷಿನಲ್ಲಿ ಎಷ್ಟು ಥರ ಬರೀಬಹುದು ಅಂತ ಪಿಎಫ್ ಆಫೀಸಿನವರನ್ನ ಕೇಳಿ. ನಮ್ಮ ಹಿರಿಯರ ಹೆಸರನ್ನ ಸ್ಕೂಲಿನ ಮೇಷ್ಟ್ರು ಒಂದು ಸಲ ಕಡೆಗಣಿಸಿ ಬರೆದ್ರು, ಗುತ್ತಿಗೆದಾರನ ಹುಡುಗ ಎರಡನೇ ಸಲ. ಅದನ್ನ ಸರಿ ಮಾಡಿಸೋಕೇ ನಾಲ್ಕು ತಿಂಗಳು ಹೋಯ್ತು. ಏಳನೇ ತಿಂಗಳಿಗೆ ದುಡ್ಡು ಬಂತು. ಎಷ್ಟು ಅಂತ ಬರೆಯಲ್ಲ. ಮಗಳು ನರ್ಸಿಂಗ್ ಓದ್ತಿದ್ದಾಳೆ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದದ್ದು ನೆನಪಿರಬೇಕು. ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಹೊಸ ನಿಯಮ ಬಂದಿತ್ತು. ಎರಡು ದಿನದ ಹೋರಾಟಕ್ಕೆ ಕೇಂದ್ರ ಸರ್ಕಾರ ನಿಯಮವನ್ನೇ ವಾಪಸ್ ತಗೊಂಡಿತು. ಟಿವಿಯವರು ಟ್ರಾಫಿಕ್ ಜಾಮ್ ತೋರಿಸ್ತಿದ್ರು. ಆ ಹೆಣ್ಣುಮಕ್ಕಳಿಗೆ ಮಗಳ ಮದುವೆ, ಗಂಡನ ಆಸ್ಪತ್ರೆ, ಸೀಟು ಸೋರೋ ಮನೆ ಎಲ್ಲದಕ್ಕೂ ಇದ್ದದ್ದು ಅದೊಂದೇ ಗಂಟು ಅನ್ನೋದು ಪೇರೋಲ್ ಮೇಜಿನಲ್ಲಿ ಕೂತವರಿಗೆ ಗೊತ್ತಿತ್ತು.

ಆದ್ದರಿಂದ ಕೇಳಿದ ಹುಡುಗರಿಗೆ: ಹೋಗಿ. ಎಕ್ಸೆಲ್ ಚೆನ್ನಾಗಿ ಕಲಿತು ಹೋಗಿ, ಇಂಗ್ಲಿಷ್ ಮೇಲ್ ಬರೆಯೋದಕ್ಕೆ ಹೆದರಬೇಡಿ, ಏನೇ ತಪ್ಪು ಕಂಡರೂ ಬಾಯಲ್ಲಿ ಹೇಳಿ ಬಿಡಬೇಡಿ, ಮೇಲ್‌ನಲ್ಲಿ ಹಾಕಿ. ಅಲ್ಲೇ ಮುದುಕರಾಗಬೇಕಿಲ್ಲ. ಮೂರು ವರ್ಷ ಇದ್ದು ವಿದ್ಯೆ ತಗೊಂಡ್ರೂ ಸಾಕು, ನಮ್ಮ ಕಾಲೋನಿಗಳಿಗೆ ಪೇಸ್ಲಿಪ್ ಓದೋರು ಬೇಕು.

ಪೇಸ್ಲಿಪ್ ಕೈಯಲ್ಲಿರೋರು ಈಗಲೇ ನೋಡ್ಕೊಳ್ಳಿ. ಪಿಎಫ್ ಕಡಿತ ಎರಡು ಸಲ ಬಂದಿದೆಯಾ? ಸಂಬಳ 25,000ಕ್ಕಿಂತ ಕಡಿಮೆ ಇದ್ದೂ 200 ರೂಪಾಯಿ ವೃತ್ತಿ ತೆರಿಗೆ ಹಿಡಿದಿದ್ದಾರಾ? 2023ರ ಏಪ್ರಿಲ್‌ನಿಂದ ಹಾಗೆ ಹಿಡಿಯೋ ಹಾಗಿಲ್ಲ. 12 ಅಂಕಿಯ ಯುಎಎನ್ ನಂಬರ್ ಇದೆಯಾ? ಇದ್ರೆ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆಗೆದು, ಹಿಡಿದ ದುಡ್ಡು ಕಟ್ಟಿದ್ದಾರಾ ಅಂತ ತಾಳೆ ನೋಡಿ. ನಾಮಿನಿ ಹೆಸರು ಹಾಕಿಲ್ಲ ಅಂದ್ರೆ ಇವತ್ತೇ ಹಾಕಿ.

ಗೊತ್ತಾಗದಿದ್ರೆ ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಬೇಡ್ಕರ್ ಭವನಕ್ಕೆ ಬನ್ನಿ, ಮಧ್ಯಾಹ್ನದವರೆಗೆ ಇರ್ತೀನಿ. ಆಧಾರ್, ಪೇಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಓಟಿಪಿ ಬರೋ ಫೋನ್ ಮರೀಬೇಡಿ. ಹೋದ ಸಲ ನಾಲ್ಕು ಜನ ಫೋನನ್ನ ಮಗನ ಕೈಲಿ ಬಿಟ್ಟು ಬಂದಿದ್ರು, ಮಗ ಕ್ರಿಕೆಟ್ ಆಡೋಕೆ ಹೋಗಿದ್ದ.