ಮೇಲುಕೋಟೆಯ ಏರಿನಲ್ಲಿ ನಿಂತ ಬಂಡಿ

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್ ದೂರ. ಬಸ್ಸಿನಲ್ಲಿ ಹೋದರೆ ಅದೊಂದು ಪ್ರಯಾಣವೆನಿಸುವುದೇ ಇಲ್ಲ. ಆದರೆ ಕಳೆದ ಮಾಘಮಾಸದ ಒಂದು ಭಾನುವಾರ ಆ ದೂರವನ್ನು ಕ್ರಮಿಸಲು ನಮಗೆ ಸರಿಯಾಗಿ ಏಳು ಗಂಟೆಗಳು ಬೇಕಾದವು. ಆ ಏಳು ಗಂಟೆಗಳಲ್ಲಿ ನಾವು ಕಲಿತುದನ್ನು ಮನೆಮಂದಿಯ ಮುಂದೆ ಹೇಳಿಕೊಳ್ಳುವಂತೆ ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಅಣ್ಣನವರು 1979ರಲ್ಲಿ ಒಂದು ಯೆಜ್ಡಿ ಮೋಟಾರ್ ಸೈಕಲ್ಲನ್ನು ಕೊಂಡಿದ್ದರು. ಆಗ ನಾವು ಮಠದ ಪಾಠಶಾಲೆಯಲ್ಲಿ ತರ್ಕ, ವ್ಯಾಕರಣಗಳನ್ನು ಓದುತ್ತಿದ್ದ ವಿದ್ಯಾರ್ಥಿ. ರಜೆಗೆ ಊರಿಗೆ ಹೊರಟಾಗಲೆಲ್ಲ ಅಣ್ಣನವರ ಬೆನ್ನಿಗೆ ಅಂಟಿಕೊಂಡು ಕುಳಿತು ಹೋಗುತ್ತಿದ್ದುದು ಇದೇ ಬಂಡಿಯಲ್ಲಿ. ಅಣ್ಣನವರು ಈಗಿಲ್ಲ. ಎರಡು ವರ್ಷ ಜಗಲಿಯ ಮೇಲೆ ಧೂಳು ಹೊದ್ದು ನಿಂತಿದ್ದ ಬಂಡಿಯನ್ನು ಅವರ ಮಗ ಹೊರಗೆ ತೆಗೆದನಾದರೂ ಅದು ಹತ್ತು ಮೈಲಿ ಓಡುವುದು, ನಿಲ್ಲುವುದು, ಅರ್ಧ ಗಂಟೆಯ ಮೇಲೆ ಏನೂ ಆಗದಂತೆ ಮತ್ತೆ ಓಡುವುದು, ಹೀಗೆ ಕಾಡತೊಡಗಿತು. ಒಂದು ಗ್ಯಾರೇಜಿನವರು ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿ ತೊಳೆದು ಮೂರು ಸಲವೂ ಹಣ ಪಡೆದರು. ಗುಣ ಕಾಣಲಿಲ್ಲ. ಬೇಸತ್ತ ಹುಡುಗ ಬೆಂಗಳೂರಿನ ಒಬ್ಬರಿಗೆ ಅಗ್ಗದ ಬೆಲೆಗೆ ಮಾರಲು ಒಪ್ಪಿ ಮುಂಗಡವನ್ನೂ ಪಡೆದುಬಿಟ್ಟಿದ್ದ. ಅತ್ತಿಗೆಯವರು ಬಾಯಿಬಿಟ್ಟು ಬೇಡವೆನ್ನಲಿಲ್ಲ. ಆದರೆ ಅಂದಿನಿಂದ ಜಗಲಿಯ ಕಡೆಯ ಬಾಗಿಲನ್ನು ಮುಚ್ಚಿಯೇ ಇಡುತ್ತಿದ್ದರು.

"ಚಿಕ್ಕಪ್ಪ, ಮಂಗಳವಾರ ಬಂದು ತೆಗೆದುಕೊಂಡು ಹೋಗುತ್ತಾರೆ. ಕೊನೆಯದಾಗಿ ಒಂದು ಸಲ ಕುಳಿತುಕೊಳ್ಳುತ್ತೀರಾ?" ಎಂದು ಅವನು ಕೇಳಿದಾಗ ನಾವು ಮೇಲುಕೋಟೆಯ ಹೆಸರು ಹೇಳಿದೆವು. ಕವಿ ಪು.ತಿ.ನ. ಅವರು ಹುಟ್ಟಿದ ಊರನ್ನು ಅಣ್ಣನವರ ಬಂಡಿಯಲ್ಲಿಯೇ ಮೊದಲು ನೋಡಿದ್ದು. ಇನ್ನೊಮ್ಮೆ ಹಾಗೆಯೇ ನೋಡೋಣವೆಂಬ ಆಸೆ.

ಮುಂಜಾನೆ ಐದೂವರೆಗೆ, ಇನ್ನೂ ಕತ್ತಲಿರುವಾಗ, ದೀಪ ಹಾಕಿಕೊಂಡು ಯಾದವಗಿರಿಯಿಂದ ಹೊರಟೆವು. ಈ ಬಂಡಿಯ ತವರು ಕೂಡ ಯಾದವಗಿರಿಯೇ. ಜೆಕ್ ದೇಶದ ಯಾನೆಚೆಕ್ ಎಂಬುವರು 1929ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಬಂಡಿಯ ಮೊದಲಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಹೆಸರಿಟ್ಟರು. ಆ ಜಾವಾ ಬಂಡಿಯನ್ನು ತಯಾರಿಸುವ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ 1961ರಲ್ಲಿ ಆರಂಭವಾಯಿತು. ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1973ರ ಸುಮಾರಿಗೆ ಬಂಡಿಗೆ ಯೆಜ್ಡಿ ಎಂಬ ಹೆಸರು ಬಂದಿತು. ಇರಾನಿನ ಯಜ್ದ್ ನಗರದ ನೆನಪು ಅದರಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಬೇರೆ ಸಂಸ್ಥೆಯವರು ಅದೇ ಹೆಸರಿನಲ್ಲಿ ಹೊಸ ಬಂಡಿಗಳನ್ನು ತಂದಿದ್ದಾರೆ. ಎಂಜಿನ್ನು ಮಾತ್ರ ಬೇರೆಯೇ. ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆಯೂ ಆಗಿರುವ ಹಳೆಯ ಚಮತ್ಕಾರವನ್ನು ಹಳೆಯ ಬಂಡಿಯಲ್ಲಿಯೇ ನೋಡಬೇಕು.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ ತಿಂಗಳಿಂದ ಎರಡು ಚಕ್ರದ ವಾಹನಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಉಬ್ಬುಗಳನ್ನು ಏರಿಳಿಯುತ್ತ, ಹಾರನ್ ಒತ್ತುತ್ತ ನಿಧಾನವಾಗಿ ಸಾಗಿದೆವು. ಹೆಡ್‌ಲೈಟಿನ ಮೇಲಿರುವ ಕೆಂಪು ದೀಪ ಪ್ರತಿ ಉಬ್ಬಿಗೂ ಮಿಣುಕುತ್ತಿತ್ತು. ಶ್ರೀರಂಗಪಟ್ಟಣದ ಪೇಟೆಯಲ್ಲಿ ವೇಗ ತಗ್ಗಿಸಿದೊಡನೆ ಬಂಡಿ ನಿಂತಿತು. ಹಾರನ್ ಒತ್ತಿದರೆ ನೆಗಡಿ ಹಿಡಿದವನ ಕೊರಳಿನಂತೆ ಸದ್ದು.

ಇಲ್ಲಿ ಓದುಗರಿಗೆ ಒಂದು ಮಾತನ್ನು ವಿವರಿಸಬೇಕು. ಈ ಬಗೆಯ ಬಂಡಿಯಲ್ಲಿ ಎಂಜಿನ್ನಿನ ಕಿಡಿಗೆ ಬೇಕಾದ ವಿದ್ಯುತ್ತು ಬರುವುದು 6 ವೋಲ್ಟಿನ ಬ್ಯಾಟರಿಯಿಂದ. ಓಡುವಾಗ ಡೈನಮೋ ಆ ಬ್ಯಾಟರಿಯನ್ನು ತುಂಬುತ್ತದೆ. ನಿಧಾನವಾಗಿ ಓಡುವಾಗ ಡೈನಮೋ ಕೊಡುವುದು ಕಡಿಮೆ, ದೀಪ ಹಾರನ್ನುಗಳು ತಿನ್ನುವುದು ಹೆಚ್ಚು. 12 ವೋಲ್ಟಿನ ಬಂಡಿಯಲ್ಲಿ ಸಡಿಲವಾದ ಒಂದು ಸಂಧಿಯು ಒಂದು ವೋಲ್ಟನ್ನು ನುಂಗಿದರೆ ಹನ್ನೆರಡರಲ್ಲಿ ಒಂದು ಪಾಲು ಹೋಯಿತು; 6 ವೋಲ್ಟಿನಲ್ಲಿ ಅದು ಆರರಲ್ಲಿ ಒಂದು ಪಾಲು. ಬಡವನ ಮನೆಯಲ್ಲಿ ಒಂದು ಸೇರು ಅಕ್ಕಿ ಚೆಲ್ಲಿದ ಹಾಗೆ.

ಪಕ್ಕದ ಪೆಟ್ಟಿಗೆ ತೆಗೆದು ನೋಡಿದರೆ ಬ್ಯಾಟರಿಯ ಕೊಂಬುಗಳ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಚೌಕಟ್ಟಿಗೆ ಬಿಗಿದ ಅರ್ಥ್ ತಂತಿಯನ್ನು ಕೈಯಲ್ಲಿ ಅಲುಗಿಸಿದಾಗ ಮಂಕಾಗಿದ್ದ ಕೆಂಪು ದೀಪ ಒಮ್ಮೆಲೇ ಬೆಳಗಿತು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ತಿರುಪು ಬಿಗಿದು, ಬಂಡಿಯನ್ನು ತಳ್ಳಿದೆವು. ಓಡಿತು, ವೇಗ ಏರಿದಂತೆ ಕೆಂಪು ದೀಪ ಆರಿತು. "ನೋಡು, ರೋಗದ ಮೂಲ ಸಿಕ್ಕಿತು. ನಿನ್ನ ಗ್ಯಾರೇಜಿನವರಿಗೆ ತರ್ಕಶಾಸ್ತ್ರ ಬರುವುದಿಲ್ಲ," ಎಂದು ನಾವು ಬೀಗಿದೆವು. ಆ ಬೀಗುವಿಕೆ ಇಪ್ಪತ್ತೈದು ಕಿಲೋಮೀಟರ್ ಬಾಳಿತು.

ದಾರಿಯೇನೋ ಬಹಳ ಸೊಗಸು. ಕೃಷ್ಣರಾಜಸಾಗರದ ನಾಲೆಯ ನೀರುಂಡ ಕಬ್ಬು, ಭತ್ತದ ಗದ್ದೆಗಳು. ಹಿಂದೆ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರಿಂದ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡಿದ್ದ ಪಾಂಡವಪುರ. ಅದರ ಬಳಿಯ ಕುಂತಿ ಬೆಟ್ಟದ ಬೋಳು ಬಂಡೆಗಳು. ಮುಂದೆ ಜಕ್ಕನಹಳ್ಳಿಯಿಂದ ನೆಲ ಏರುತ್ತದೆ, ದೂರದಲ್ಲಿ ಯೋಗನರಸಿಂಹನ ಬೆಟ್ಟ ಕಾಣುತ್ತದೆ. ಆ ಏರಿನ ನಡುವೆ, ಎಂಜಿನ್ನು ಚೆನ್ನಾಗಿ ಕಾದಿದ್ದಾಗ, ಬಂಡಿ ಎರಡು ಸಲ ಕೆಮ್ಮಿ ನಿಂತಿತು.

ಹುಡುಗ ಏನೂ ಹೇಳದೆ ಹಾರನ್ ಒತ್ತಿದ. ಕಹಳೆಯಂತೆ ಮೊಳಗಿತು. ಅಂದರೆ ಬ್ಯಾಟರಿ ನಿರ್ದೋಷಿ, ಅಪರಾಧಿ ಬೇರೆ ಇದ್ದಾನೆ. ನಮ್ಮ ಮೊದಲ ನಿರ್ಣಯ ಸುಳ್ಳಲ್ಲ, ಅರ್ಧ ಸತ್ಯ. ಒಂದು ಕಾರ್ಯಕ್ಕೆ ಎರಡು ಕಾರಣಗಳಿರಬಹುದೆಂಬುದನ್ನು ನಲವತ್ತು ವರ್ಷ ಪಾಠ ಹೇಳಿದ ನಾವೇ ಮರೆತಿದ್ದೆವು.

ತರ್ಕದಲ್ಲಿ ಅನ್ವಯ-ವ್ಯತಿರೇಕವೆಂಬ ವಿಧಾನವಿದೆ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಾಗಲೇ ನಿಶ್ಚಯ. ಈ ಸಲ ಕ್ರಮವಾಗಿ ನಡೆದೆವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದೆವು. ಮುಚ್ಚಳದ ಗಾಳಿಕಂಡಿ ಕಟ್ಟಿದ್ದರೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದಿಲ್ಲ. ತೆಗೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಬೇಕು. ಕೇಳಲಿಲ್ಲ. ಕೊಳವೆ ಬಿಡಿಸಿದರೆ ಪೆಟ್ರೋಲ್ ಧಾರೆಯಾಗಿ ಬಂದಿತು. ಪ್ಲಗ್ ಬಿಚ್ಚಿದರೆ ಒದ್ದೆಯಾಗಿತ್ತು: ಇಂಧನ ಬಂದಿದೆ, ಉರಿದಿಲ್ಲ. ನಲ್ಲಿ ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ಹೊಸ ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದಾಗ ಕಂಡದ್ದು ನೀಲಿಯ ಚುರುಕು ಕಿಡಿಯಲ್ಲ, ಹಳದಿಯ ಸೋತ ಕಿಡಿ.

"ಕಾಯಿಲ್ ಹೋಗಿದೆ," ಎಂದೆವು ನಾವು.

ಹುಡುಗ ಬಲಗಡೆಯ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದ. "ಚಿಕ್ಕಪ್ಪ, ನೀವು ಇನ್ನೊಮ್ಮೆ ಕಿಕ್ ಹೊಡೆಯಿರಿ. ಪಾಯಿಂಟಿನ ಬಾಯಲ್ಲೇ ಕಿಡಿ ದಪ್ಪಗೆ ಹಾರುತ್ತಿದೆ. ಅಲ್ಲಿ ಹಾರಬಾರದಲ್ಲವೆ?"

ಹಾರಬಾರದು. ಪಾಯಿಂಟು ತೆರೆಯುವ ಕ್ಷಣದಲ್ಲಿ ಪ್ರವಾಹವನ್ನು ತನ್ನೊಳಗೆ ಎಳೆದುಕೊಂಡು, ಅದು ಥಟ್ಟನೆ ಕಡಿಯುವಂತೆ ಮಾಡುವುದು ಬೆರಳುದ್ದದ ಡಬ್ಬಿಯಂತಿರುವ ಕಂಡೆನ್ಸರಿನ ಕೆಲಸ. ಥಟ್ಟನೆ ಕಡಿದರೆ ಮಾತ್ರ ಕಾಯಿಲಿನಲ್ಲಿ ಬಲವಾದ ಕಿಡಿ ಹುಟ್ಟುತ್ತದೆ. ಹಳೆಯ ಕಂಡೆನ್ಸರ್ ಕಾದಾಗ ಸೋರುತ್ತದೆ, ಆರಿದಾಗ ಸರಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು ಓಡುವ ರಹಸ್ಯ ಇದೇ. ಕಾಯಿಲೂ ಕಾದಾಗ ಹೀಗೆಯೇ ಕೈಕೊಡಬಹುದು. ಆದರೆ ಕರಕಲಾದ ಪಾಯಿಂಟು ಮತ್ತು ಅಲ್ಲಿಯ ದಪ್ಪ ಕಿಡಿ ಕಂಡೆನ್ಸರಿನತ್ತ ಬೆರಳು ತೋರುತ್ತವೆ. ಹುಡುಗ ಸರಿ, ನಾವು ತಪ್ಪು.

ಇಳಿಜಾರಿನಲ್ಲಿ ಎಂಜಿನ್ನಿಲ್ಲದೆಯೇ ಬಂಡಿಯನ್ನು ಜಕ್ಕನಹಳ್ಳಿಗೆ ಉರುಳಿಸಿಕೊಂಡು ಬಂದೆವು. ಅಲ್ಲೊಬ್ಬ ವಯಸ್ಸಾದ ಮೆಕ್ಯಾನಿಕ್ ತಮ್ಮ ತಗಡಿನ ಡಬ್ಬಿಯನ್ನು ಕೆದಕಿ ಬೇರೆ ಬಂಡಿಯ ಕಂಡೆನ್ಸರೊಂದನ್ನು ತೆಗೆದರು. ಪಾಯಿಂಟನ್ನು ಅರದಿಂದ ತೀಡಿ, ಅಂತರವನ್ನು 0.4 ಮಿಲಿಮೀಟರಿಗೆ ಇಟ್ಟು, ಹೊಸ ಕಂಡೆನ್ಸರನ್ನು ಎಂಜಿನ್ನಿನ ಕಾವು ತಾಗದಂತೆ ಹೊರಗಡೆ ಚೌಕಟ್ಟಿಗೆ ಬಿಗಿದರು. ಒಂದೇ ಕಿಕ್ಕಿಗೆ ಬಂಡಿ ಮಾತನಾಡಿತು.

ಆಗ ಹುಡುಗನೊಂದು ಕೆಲಸ ಮಾಡಿದ. ಏರಿನಲ್ಲಿ ಎರಡು ಸುತ್ತು ಓಡಿಸಿ ಎಂಜಿನ್ನನ್ನು ಕಾಯಿಸಿ ಬಂದು, "ಈಗ ಹಳೆಯದನ್ನೇ ಮತ್ತೆ ಹಾಕಿ ನೋಡಿ," ಎಂದ. ಹಾಕಿದರು, ಹತ್ತು ಕಿಕ್ಕಿಗೂ ಹೊತ್ತಲಿಲ್ಲ. ಹೊಸದನ್ನು ಹಾಕಿದರು, ಹೊತ್ತಿತು. ಮೆಕ್ಯಾನಿಕ್ ನಕ್ಕು, "ಸ್ವಾಮಿ, ಈ ಹುಡುಗ ಯಾವ ಕಾಲೇಜು?" ಎಂದರು. ಅವನು ಓದಿದ್ದು ವಾಣಿಜ್ಯ. ಅನ್ವಯ-ವ್ಯತಿರೇಕದ ಹೆಸರನ್ನೂ ಕೇಳದವನು ಅದನ್ನು ನಡೆಸಿ ತೋರಿಸಿದ. ಹೆಸರು ಬಲ್ಲ ನಾವು ಎರಡು ಸಲ ಎಡವಿದೆವು.

ಮಧ್ಯಾಹ್ನ ಹನ್ನೆರಡೂವರೆಗೆ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿಂದೆವು. ಹುಡುಗನ ಕೈಬೆರಳುಗಳು ಕಪ್ಪಾಗಿದ್ದವು. ಅಣ್ಣನವರ ಕೈ ಭಾನುವಾರಗಳಲ್ಲಿ ಹಾಗೆಯೇ ಇರುತ್ತಿತ್ತು. ಅದನ್ನು ನಾವು ಹೇಳಲಿಲ್ಲ.

ಮನೆಯಲ್ಲಿ ಹಳೆಯ ಬಂಡಿ ಇಟ್ಟುಕೊಂಡವರಿಗೆ ನಮ್ಮ ಅನುಭವದ ಸಾರ ಇಷ್ಟು. ಬಂಡಿ ನಿಂತ ಕೂಡಲೇ, ಆರುವ ಮುನ್ನವೇ ಪರೀಕ್ಷಿಸಬೇಕು. ಆರಿದ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ. ಮೊದಲು ಹಾರನ್ ಮತ್ತು ದೀಪ, ಅನಂತರ ಪೆಟ್ರೋಲ್, ಆಮೇಲೆ ಕಿಡಿ, ಈ ಕ್ರಮ ತಪ್ಪಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ಬಂಡಿ ಸರಿಯಾದರೂ ಕಾರಣ ತಿಳಿಯದು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಬೇಗ ಕೆಡಿಸುವುದರಿಂದ ಅವನ್ನು ಆಗಾಗ ನೋಡುತ್ತಿರಬೇಕು. ಬಂಡಿ ಮಾಡಿದವರನ್ನು ಬಯ್ಯುವುದು ನ್ಯಾಯವಲ್ಲ. ನಲವತ್ತು ವರ್ಷ ದುಡಿದ ಮೇಲೆ ಎರಡು ವರ್ಷ ಮೂಲೆಗೆ ತಳ್ಳಿದ ತಪ್ಪು ನಮ್ಮದೇ.

ಹಿಂತಿರುಗುವಾಗ ಸಂಜೆಯಾಗಿತ್ತು. ದೀಪ ಸ್ಥಿರವಾಗಿ ಉರಿಯುತ್ತಿತ್ತು. ಮನೆಯ ಮುಂದೆ ಎಂಜಿನ್ ನಿಲ್ಲಿಸುವ ಮುನ್ನವೇ ಜಗಲಿಯ ಬಾಗಿಲು ತೆರೆಯಿತು. ಅತ್ತಿಗೆಯವರಿಗೆ ಆ ಸದ್ದು ನಲವತ್ತು ವರ್ಷಗಳ ಪರಿಚಯ. "ಎಲ್ಲೂ ನಿಲ್ಲಲಿಲ್ಲವಾ?" ಎಂದು ಕೇಳಿದರು. "ಬರುವಾಗ ನಿಲ್ಲಲಿಲ್ಲಮ್ಮ," ಎಂದ ಮಗ.

ಬುಧವಾರ ಅವನಿಂದ ಫೋನ್ ಬಂದಿತು. ಮುಂಗಡ ಹಿಂತಿರುಗಿಸಿದ ವಿಷಯವನ್ನು ಅವನು ಮಾತಿನ ಕೊನೆಯಲ್ಲಿ ಹೇಳಿದ. ಮೊದಲು ಕೇಳಿದ್ದು ಒಂದು ಪ್ರಶ್ನೆ: "ಚಿಕ್ಕಪ್ಪ, ಇನ್ನೊಂದು ಕಂಡೆನ್ಸರ್ ಎಲ್ಲಿ ಸಿಗುತ್ತದೆ? ದಾರಿಯಲ್ಲಿ ಜೊತೆಗಿರಲಿ ಅಂತ."