ತೊಗಲಿನ ಹದ

‘ಹದ’ ಎಂಬ ಮಾತಿಗೆ ನಮ್ಮ ಮಂಡ್ಯದ ಸೀಮೆಯಲ್ಲಿ ಇರುವಷ್ಟು ಬಳಕೆ ಬೇರೆಲ್ಲಿಯಾದರೂ ಇದ್ದೀತೆ ಎಂದು ನಾನು ಅನೇಕ ವೇಳೆ ಆಲೋಚಿಸಿದ್ದೇನೆ. ಮಳೆ ಬಿದ್ದು ಹೊಳವಾದ ಮೇಲೆ ಒಕ್ಕಲಿಗನು ಹೊಲದ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ ‘ಹದ ಬಂದಿದೆ’ ಎನ್ನುತ್ತಾನೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಅದು ಉಂಡೆಗಟ್ಟುವುದನ್ನು ಕಂಡು ‘ಹದವಾಯಿತು, ಇಳಿಸಿ’ ಎನ್ನುತ್ತಾನೆ. ಮುದ್ದೆಗೆ ಹದವುಂಟು, ಕುಡುಗೋಲಿನ ಬಾಯಿಗೆ ಹದವುಂಟು, ಮಾತಿಗೂ ಹದವುಂಟು. ಇವೆಲ್ಲವನ್ನೂ ನಾಲ್ಕು ಜನರ ಮುಂದೆ ನಿಸ್ಸಂಕೋಚವಾಗಿ ಆಡುವ ನಾವು ಅದೇ ಮಾತಿನ ಮತ್ತೊಂದು ಅರ್ಥವನ್ನು ಮಾತ್ರ ಊರಾಚೆಗೆ ಇಟ್ಟಿದ್ದೇವೆ. ಹಸಿಯ ತೊಗಲನ್ನು ಕೊಳೆಯದಂತೆಯೂ ಮೆತ್ತಗಿರುವಂತೆಯೂ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹದಮಾಡುವುದೆಂದೇ ಹೆಸರು. ಈಚಿನ ಆರೇಳು ವರ್ಷಗಳಿಂದ ಆ ಕೆಲಸವು ನನ್ನ ಹಿತ್ತಿಲಿನಲ್ಲಿ ನಡೆಯುತ್ತಿದೆ. ಅದರ ವಿಚಾರವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮದು ಮದ್ದೂರಿಗೂ ಮಳವಳ್ಳಿಗೂ ನಡುವಣ ಒಂದು ಊರು. ನಾಲೆಯ ನೀರು ಬರುವ ಕಡೆ ಬತ್ತ, ಕಬ್ಬು. ಬಾರದ ಕಡೆ ರಾಗಿ, ಹುರುಳಿ. ಎರಡರ ನಡುವೆ ಅಲ್ಲಲ್ಲಿ ಹಿಪ್ಪುನೇರಳೆಯ ತೋಟಗಳು. ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತನಾದ ಮೇಲೆ ನಾನು ಮೂರು ಹೆಣ್ಣು, ಒಂದು ಗಂಡು, ಹೀಗೆ ನಾಲ್ಕು ಮೊಲಗಳನ್ನು ತಂದು ಸಾಕತೊಡಗಿದೆನು. ನಮ್ಮ ಮನೆಯಲ್ಲಿ ಮಾಂಸಾಹಾರವುಂಟು. ಆದುದರಿಂದ ಈ ಸಾಕಣೆಯು ಬರಿಯ ಕಣ್ಣಿನ ವಿನೋದಕ್ಕಾಗಿ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಯುಕ್ತ.

ಕನ್ನಡದಲ್ಲಿ ‘ಮೊಲ’ ಎಂಬ ಒಂದೇ ಹೆಸರು ಎರಡು ಪ್ರಾಣಿಗಳಿಗೆ ಸಲ್ಲುತ್ತಿರುವುದರಿಂದ ಸ್ವಲ್ಪ ವಿವರಣೆ ಅವಶ್ಯಕ. ನಮ್ಮ ಹುರುಳಿಯ ಹೊಲಗಳಲ್ಲಿ ಮುಸ್ಸಂಜೆಯ ಹೊತ್ತು ಕಿವಿ ನಿಮಿರಿಸಿ ಕೂರುವ, ಕತ್ತಿನ ಹಿಂಭಾಗ ಕಪ್ಪಾಗಿರುವ ಬಯಲುಮೊಲವು ಬಿಲ ತೋಡುವುದಿಲ್ಲ. ಅದರ ಮರಿಗಳು ಕಣ್ಣು ತೆರೆದು, ಮೈತುಂಬ ರೋಮ ಹೊತ್ತೇ ಹುಟ್ಟುವುವು. ಅದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. ಅದರ ಮೇಲೆ ಯಾರೂ ಕೈಯಿಡತಕ್ಕದ್ದಲ್ಲ. ಗೂಡಿನಲ್ಲಿ ಸಾಕುವ ಮೊಲದ ಮೂಲಸ್ಥಾನ ಯೂರೋಪಿನ ಸ್ಪೇನು ದೇಶದ ಕಡೆ. ಅದು ಬಿಲದ ಪ್ರಾಣಿ. ಅದರ ಮರಿಗಳು ಕಣ್ಣಿಲ್ಲದೆ, ಕೂದಲಿಲ್ಲದೆ, ಕೆಂಪು ಮಾಂಸದ ತುಣುಕುಗಳಂತೆ ಹುಟ್ಟುವುವು.

ಈ ಬೆತ್ತಲೆ ಮರಿಗಳ ಸಲುವಾಗಿ ತಾಯಿಯು ಮಾಡುವ ಸಿದ್ಧತೆಯನ್ನು ಮೊದಲ ಸಲ ಕಂಡಾಗ ನಾನು ಬಹಳ ಹೊತ್ತು ಗೂಡಿನ ಮುಂದೆಯೇ ನಿಂತಿದ್ದೆನು. ಮೊಲದ ಗರ್ಭಕಾಲ ೩೦ ರಿಂದ ೩೨ ದಿನಗಳು. ದಿನ ಸಮೀಪಿಸಿದಾಗ ಅದು ಹುಲ್ಲನ್ನು ಒಟ್ಟಿ, ತನ್ನ ಎದೆಯ ಮತ್ತು ಹೊಟ್ಟೆಯ ರೋಮವನ್ನು ಬಾಯಿಂದ ಕಿತ್ತು ಕಿತ್ತು ಅದರ ಮೇಲೆ ಹಾಸುತ್ತದೆ. ಮರಿಗಳನ್ನು ಅದರಲ್ಲಿಯೇ ಹುದುಗಿಸಿ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷಗಳ ಕಾಲ ಹಾಲೂಡಿ ಹೊರಟುಹೋಗುತ್ತದೆ. ಉಳಿದ ಹೊತ್ತೆಲ್ಲ ಮರಿಗಳನ್ನು ಕಾಯುವುದು ಆ ತುಪ್ಪಟವೇ. ಮೊಲದ ತುಪ್ಪಟಕ್ಕೆ ಮನುಷ್ಯನು ಎಷ್ಟು ಬೆಲೆ ಕಟ್ಟಿದರೂ ಅದರ ಮೊದಲ ಉಪಯೋಗ ಇದು. ಇದನ್ನು ಕಂಡ ಮೇಲೆ, ಕೊಂದ ಮೊಲದ ತೊಗಲನ್ನು ತಿಪ್ಪೆಗೆ ಎಸೆಯುವುದು ನನ್ನಿಂದಾಗಲಿಲ್ಲ. ಪ್ರಾಣವನ್ನು ತೆಗೆದವನು ಅದರಲ್ಲಿ ಕೆಡುವ ಭಾಗವನ್ನಾದರೂ ಕಡಮೆ ಮಾಡಬೇಕು ಎಂದು ತೋರಿತು.

ಇದರಿಂದ ಲಾಭವಿದೆಯೆ ಎಂದು ಅನೇಕರು ಕೇಳುತ್ತಾರೆ. ಇಲ್ಲ. ನಮ್ಮದು ತುಪ್ಪಟದ ಸೀಮೆಯಲ್ಲ. ಮೊಲಕ್ಕೆ ಬೆವರುವ ಶಕ್ತಿಯಿಲ್ಲ. ಮೈಯ ಕಾವನ್ನು ಬಹುಮಟ್ಟಿಗೆ ಕಿವಿಗಳ ಮೂಲಕ ಕಳೆಯಬೇಕು. ೩೫ ಡಿಗ್ರಿ ಸೆಂಟಿಗ್ರೇಡು ಮೀರಿದ ಬಿಸಿಲು ಅದರ ಪ್ರಾಣಕ್ಕೇ ಅಪಾಯ. ನಮ್ಮ ಚೈತ್ರ ವೈಶಾಖಗಳಲ್ಲಿ ಗೂಡಿನ ಸುತ್ತ ಒದ್ದೆಯ ಗೋಣಿ ಕಟ್ಟಿ, ಹಿಪ್ಪುನೇರಳೆಯ ತಂಪು ಸೊಪ್ಪನ್ನು ಹಾಕಿ ಅವನ್ನು ಕಾಪಾಡುವುದೇ ಒಂದು ವ್ರತ. ದಟ್ಟವಾದ ರೋಮವು ಚಳಿಯ ಕೊಡುಗೆ. ಆದಕಾರಣ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆಯು ಮೊಲದ ಕೆಲಸಕ್ಕೆ ಹಿಮಾಲಯದ ಕುಲ್ಲು ಕಣಿವೆಯ ಗರ್ಸಾ, ಕೊಡೈಕಾನಲಿನ ಬಳಿಯ ಮನ್ನವನೂರು ಮೊದಲಾದ ತಂಪು ಸ್ಥಳಗಳನ್ನು ಆರಿಸಿಕೊಂಡಿದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿಯನ್ನೇ ನೋಡಿ: ಅದರ ಕೀರ್ತಿಯೆಲ್ಲ ಮಾಂಸದ ರುಚಿಯಿಂದ ಬಂದದ್ದು, ಉಣ್ಣೆ ಒರಟು. ಬಿಸಿಲು ತನ್ನ ಸೀಮೆಯ ಪ್ರಾಣಿಗಳಿಗೆ ಅಗತ್ಯಕ್ಕಿಂತ ಹೆಚ್ಚಿನ ಕಂಬಳಿಯನ್ನು ಕೊಡುವುದಿಲ್ಲ.

ಹದಮಾಡುವುದನ್ನು ನಾನು ಅಚ್ಚಿನ ಪುಸ್ತಕಗಳಿಂದ ಅರ್ಧ ಕಲಿತೆನು. ಉಳಿದರ್ಧವನ್ನು ಕಲಿಸಿದವರು ನಮ್ಮೂರಿನ ಒಬ್ಬ ವೃದ್ಧರು. ಅವರ ತಂದೆಯವರು ಬಾವಿಯ ಕಪಿಲೆಯ ಚೀಲ, ಎತ್ತಿನ ಮಿಣಿ, ಚಪ್ಪಲಿ, ತಮಟೆ ಇವುಗಳನ್ನು ಊರಿಗೆ ಒದಗಿಸುತ್ತಿದ್ದವರು. ಇವರೋ ಹುಡುಗತನದಲ್ಲಿ ಆ ಕೆಲಸವನ್ನು ಕಲಿತು, ಯೌವನದಲ್ಲಿ ಅದನ್ನು ಬಿಟ್ಟು, ಗಾರೆಯ ಕೆಲಸದಿಂದ ಮಕ್ಕಳನ್ನು ಓದಿಸಿದವರು. ಮುಂಬಾಗಿಲಿನಿಂದ ಬನ್ನಿರೆಂದು ಕರೆದರೆ, ‘ತೊಗಲಿನ ಕೆಲಸ ಹಿತ್ತಿಲದು’ ಎಂದು ನಕ್ಕು ಹಿತ್ತಿಲ ದಾರಿಯಿಂದಲೇ ಬಂದರು. ಏನು ಕೊಡಬೇಕೆಂದು ಕೇಳಿದುದಕ್ಕೆ, ‘ಗಾರೆಯವನಿಗೆ ದಿನಕ್ಕೆ ಏನು ಕೊಡ್ತೀರೋ ಅದನ್ನ ಕೊಡಿ, ಗುರುದಕ್ಷಿಣೆ ಗಿರುದಕ್ಷಿಣೆ ಬ್ಯಾಡ’ ಎಂದರು.

ಕೆಲಸದ ಕ್ರಮ ಹೀಗಿದೆ. ತೊಗಲನ್ನು ಚೀಲದಂತೆ ಸುಲಿದು, ಮೈಯ ಕಾವು ಆರಿದ ಕೂಡಲೆ ಒಳಮೈಗೆ ಉಪ್ಪು ತಿಕ್ಕಬೇಕು. ಅನಂತರ ಸೀಳಿ, ನೀರಿನಲ್ಲಿ ನೆನೆಸಿ, ಒಳಮೈಗೆ ಅಂಟಿಕೊಂಡ ಕೊಬ್ಬನ್ನೂ ಪೊರೆಯನ್ನೂ ದುಂಡು ಮರದ ತುಂಡಿನ ಮೇಲೆ ಹರಡಿ ಹೆರೆದು ತೆಗೆಯಬೇಕು. ಇಲ್ಲಿ ಹರಿತವಾದ ಕತ್ತಿ ಕೆಲಸಕ್ಕೆ ಬಾರದು. ಅದು ರೋಮದ ಬುಡವನ್ನು ಕೊಯ್ದುಬಿಟ್ಟರೆ ರೋಮವೆಲ್ಲ ಉದುರಿಹೋಗುವುದು. ಮೊಂಡು ಕತ್ತಿಯೇ ಬೇಕು. ಬಳಿಕ ಪಟಿಕದ ನೀರು: ಸುಮಾರು ೬ ಲೀಟರು ನೀರಿಗೆ ಅರ್ಧ ಕಿಲೋ ಪಟಿಕ, ಕಾಲು ಕಿಲೋ ಉಪ್ಪು, ೧೦೦ ಗ್ರಾಂ ಒಗೆಯುವ ಸೋಡಾ. ಪಟಿಕವನ್ನು ಬೇರೆಯಾಗಿ ಕರಗಿಸಿ, ಉಪ್ಪು ಸೋಡಾಗಳ ನೀರನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು; ಒಮ್ಮೆಗೇ ಸುರಿದರೆ ನೊರೆಯುಕ್ಕುವುದು. ಇದರಲ್ಲಿ ತೊಗಲನ್ನು ಮೂರು ನಾಲ್ಕು ದಿನ ಮುಳುಗಿಸಿಟ್ಟು ಆಗಾಗ ತಿರುವುತ್ತಿರಬೇಕು. ತೊಗಲನ್ನು ಮಡಿಸಿ ಬೆರಳಿನಿಂದ ಒತ್ತಿದಾಗ ಮಡಿಕೆಯ ಗುರುತು ಬೆಳ್ಳಗೆ ನಿಂತರೆ ಹದ ಕೂಡಿತೆಂದು ತಿಳಿಯಬೇಕು.

ನಿಜವಾದ ಶ್ರಮ ಅಲ್ಲಿಂದ ಮುಂದೆ. ತೊಳೆದು, ಅರೆ ಆರಿದ ತೊಗಲಿಗೆ ಮೊಟ್ಟೆಯ ಹಳದಿಯನ್ನು ಎಣ್ಣೆಯೊಡನೆ ಕಲಸಿ ಸವರಿ, ಅದು ಪೂರ್ತಿ ಒಣಗುವ ತನಕ ಹಲಗೆಯ ಅಂಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿರಬೇಕು. ಸುಮ್ಮನೆ ಒಣಗಲು ಬಿಟ್ಟರೆ ಹಪ್ಪಳ. ಎಳೆದು ತಿಕ್ಕಿದರೆ ಬಟ್ಟೆ. ಕೊನೆಗೆ ರೋಮಕ್ಕೆ ಬತ್ತದ ತವುಡನ್ನು ಉಜ್ಜಿ ಒದರಿದರೆ ಜಿಡ್ಡು ಹೋಗಿ ಹೊಳಪು ಬರುತ್ತದೆ. ಉಳಿದ ಉಪ್ಪುನೀರನ್ನು ನಾಲೆಗಾಗಲಿ ಗಿಡದ ಬುಡಕ್ಕಾಗಲಿ ಚೆಲ್ಲಕೂಡದು. ಒಂದು ಅಂಗೈಯಗಲಕ್ಕಿಂತ ಸ್ವಲ್ಪವೇ ದೊಡ್ಡದಾದ ತೊಗಲಿಗೆ ಎಂಟು ಹತ್ತು ದಿನಗಳ ಲಕ್ಷ್ಯ ಬೇಕು; ಒಂದು ಮೇಲಂಗಿಗಾದರೆ ಇಂಥವು ಹತ್ತಾರು ಬೇಕು.

ಆ ವೃದ್ಧರಿಗೆ ಪಟಿಕದ ಮೇಲೆ ಗೌರವವಿಲ್ಲ. ‘ಇದು ಹದ ಅಲ್ಲ, ಸುಣ್ಣ ಬಳದಂಗೆ; ಮಳೇಲಿ ನೆನೆಸಿ ನೋಡಿ’ ಎಂದರು. ಮಾತು ನಿಜ. ಪಟಿಕವು ತೊಗಲಿನಲ್ಲಿ ಗಟ್ಟಿಯಾಗಿ ನೆಲೆಸುವುದಿಲ್ಲ. ಬಹಳ ಹೊತ್ತು ನೆನೆದರೆ ಕರಗಿ ಹೊರಡುತ್ತದೆ. ಅವರ ತಂದೆಯವರ ಕಾಲದ ಹದವು ತಂಗಡಿಯ ತೊಗಟೆಯದು. ಹಳದಿ ಹೂವು ಬಿಡುವ ಆ ಪೊದೆಯನ್ನು ನಮ್ಮ ಬಯಲುಗಳಲ್ಲಿ ನೋಡದವರಿಲ್ಲ. ಆವರಿಕೆಯೆಂದೂ ಅದನ್ನು ಕರೆಯುವರು. ಅದರ ತೊಗಟೆಯ ಒಗರು ತೊಗಲಿನ ನಾರುಗಳನ್ನು ಹಿಡಿದು ಕಟ್ಟಿಬಿಡುತ್ತದೆ. ನೀರಿಗೂ ಅದು ಬಿಡದು. ದಕ್ಷಿಣ ದೇಶದ ಚರ್ಮವು ಸಮುದ್ರದಾಚೆಗೆ ಹೆಸರು ಪಡೆದದ್ದು ಈ ಪೊದೆಯಿಂದ. ಆದರೆ ಅದು ರೋಮಕ್ಕೆ ಕಂದು ಬಣ್ಣ ಹಿಡಿಸುವುದು, ಮೊಲದ ತೆಳ್ಳನೆಯ ತೊಗಲನ್ನು ಬಿರುಸು ಮಾಡುವುದು. ತುಪ್ಪಟಕ್ಕೆ ಪಟಿಕ, ಚರ್ಮಕ್ಕೆ ತಂಗಡಿ ಎಂದು ನಾವಿಬ್ಬರೂ ರಾಜಿಯಾದೆವು.

ಹೆರೆಯುವ ದಿನ ವಾಸನೆ ಬರುವುದುಂಟು. ನೆರೆಯವರು ಮೊದಲು ಗೋಡೆಯಾಚೆಯಿಂದ ಕೇಳಿದರು. ಆಮೇಲೆ ಕುತೂಹಲದಿಂದ ಬಂದು ನೋಡಿದರು. ಹದವಾದ ತೊಗಲನ್ನು ಕೆನ್ನೆಗೆ ಒತ್ತಿಕೊಂಡು ‘ಎಂಥ ನುಣುಪು!’ ಎಂದರು. ಅವರು ಹೋದ ಮೇಲೆ ವೃದ್ಧರು ಹಲಗೆಯಿಂದ ತಲೆಯೆತ್ತದೆ ಒಂದು ಮಾತು ಹೇಳಿದರು: ‘ನಮ್ಮಪ್ಪ ಮಾಡ್ತಿದ್ದಾಗ ಮೂಗು ಮುಚ್ಕೊಂಡು ಹೋಗೋರು. ನೀವು ಮಾಡುದ್ರೆ ನೋಡಾಕೆ ಬತ್ತಾರೆ. ವಾಸ್ನೆ ಮಾತ್ರ ಅದೇಯ.’

ಆ ಮಾತಿನಲ್ಲಿ ಕೋಪವಿರಲಿಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ತಂಗಡಿಯ ಒಗರಿನಂತೆ ಹಿಡಿದು ನಿಂತಿದೆ. ತೊಗಲಿನಲ್ಲಿ ಮೈಲಿಗೆಯಿದ್ದರೆ ಕೃಷ್ಣಾಜಿನದ ಮೇಲೆ ಕುಳಿತು ಜಪ ಮಾಡುವುದು ಹೇಗೆ? ಮೃದಂಗದ ಎರಡು ಮುಖಗಳೂ ತೊಗಲೇ ಅಲ್ಲವೆ? ಕೊಲ್ಲುವುದರಲ್ಲಿ ಮೈಲಿಗೆಯಿದ್ದರೆ, ಗೂಡಿನೊಳಗಣ ಹುಳುವನ್ನು ಹಬೆಯಲ್ಲಿ ಕೊಂದು ಬಿಚ್ಚಿದ ರೇಷ್ಮೆಯು ಮಡಿಯ ಬಟ್ಟೆಯಾಗಿರುವುದು ಹೇಗೆ? ಒಂದೇ ತೋಟದ ಹಿಪ್ಪುನೇರಳೆಯ ಸೊಪ್ಪನ್ನು ತಿಂದು ರೇಷ್ಮೆಯ ಹುಳುವೂ ಬೆಳೆಯುತ್ತದೆ, ನನ್ನ ಮೊಲವೂ ಬೆಳೆಯುತ್ತದೆ. ಒಂದರ ಹೊದಿಕೆ ದೇವರ ಮನೆಗೆ, ಮತ್ತೊಂದರ ಹೊದಿಕೆ ಹಿತ್ತಿಲಿಗೆ. ವಿಚಾರಮಾಡಿ ನೋಡಿದರೆ ಮೈಲಿಗೆಯೆಂಬುದನ್ನು ನಾವು ವಸ್ತುವಿಗೂ ಅಂಟಿಸಿಲ್ಲ, ಕೃತ್ಯಕ್ಕೂ ಅಂಟಿಸಿಲ್ಲ. ಕೆಲಸ ಮಾಡಿದ ಕೈಗೆ ಮಾತ್ರ ಅಂಟಿಸಿದ್ದೇವೆ.

ಇದು ಹೊಸ ವಿಚಾರವೇನೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನು ಶರಣನೂ ವಚನಕಾರನೂ ಆಗಿದ್ದನು. ಬಸವಣ್ಣನು ಮಾದಾರ ಚೆನ್ನಯ್ಯನನ್ನೂ ಕಕ್ಕಯ್ಯನನ್ನೂ ತನ್ನ ಬಂಧುಗಳೆಂದು ವಚನಗಳಲ್ಲಿ ಸಾರಿ ಹೇಳಿಕೊಂಡನು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಎಂಟು ನೂರು ವರ್ಷಗಳ ಅಂತರದಲ್ಲಿ ಎರಡು ಸಲ ಇಷ್ಟು ಸ್ಪಷ್ಟವಾಗಿ ಹೇಳಲ್ಪಟ್ಟ ಮಾತು ಇನ್ನೂ ಹಿತ್ತಿಲ ಬಾಗಿಲಿನಲ್ಲಿಯೇ ನಿಂತಿರುವುದಾದರೆ, ನಮ್ಮ ಒಪ್ಪಿಗೆಯು ಪಟಿಕದ ಹದವೇ ಹೊರತು ತೊಗಟೆಯ ಹದವಲ್ಲ.

ಈ ಕಷ್ಟ ನಮ್ಮೊಬ್ಬರ ದೇಶದ್ದೇ ಎಂದು ತಿಳಿಯಬೇಕಾಗಿಲ್ಲ. ಯೂರೋಪು ಅಮೆರಿಕಗಳಲ್ಲಿ ಮೊಲದ ರೋಮದಿಂದ ಸೊಗಸಾದ ಟೊಪ್ಪಿಗೆಗಳನ್ನು ಮಾಡುತ್ತಿದ್ದ ಕಾಲದಲ್ಲಿ ರೋಮವು ಚೆನ್ನಾಗಿ ಹೆಣೆದುಕೊಳ್ಳಲೆಂದು ಅದಕ್ಕೆ ಪಾದರಸದ ದ್ರಾವಣವನ್ನು ಹಚ್ಚುತ್ತಿದ್ದರು. ಟೊಪ್ಪಿಗೆ ಧರಿಸಿದವರು ಬೀದಿಯಲ್ಲಿ ಮೆರೆದರು. ಮಾಡಿದವರ ಕೈಗಳು ನಡುಗಿದವು, ಬುದ್ಧಿ ಕದಡಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸಿದ್ದು ೧೯೪೧ರಲ್ಲಿ. ವಸ್ತುವಿನ ನುಣುಪು ಒಬ್ಬನಿಗೆ, ಅದರ ವಿಷ ಇನ್ನೊಬ್ಬನಿಗೆ ಎಂಬ ಹಂಚಿಕೆ ಎಲ್ಲೆಲ್ಲಿಯೂ ನಡೆದುಬಂದಿದೆ. ನಮ್ಮಲ್ಲಿ ಅದನ್ನು ಹುಟ್ಟಿನೊಡನೆ ಗಂಟುಹಾಕಿದ್ದು ವಿಶೇಷ.

ಹಳೆಯ ಕಸಬು ಅಳಿಯಿತಲ್ಲಾ ಎಂದು ಮರುಗುವವರೂ ಉಂಟು. ಕಾರಣಗಳು ಹಲವು. ೧೮೮೪ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಷುಲ್ಟ್ಸ್ ಎಂಬಾತನು ಕ್ರೋಮ್ ಲವಣದಿಂದ ಹದಮಾಡುವ ವಿಧಾನಕ್ಕೆ ಹಕ್ಕು ಪಡೆದನು. ೨೦ನೆಯ ಶತಮಾನದ ಆದಿಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅದನ್ನು ಮದರಾಸಿನಲ್ಲಿ ಬಳಕೆಗೆ ತಂದನು. ಆತನೇ ೧೯೧೨ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕನಾದನು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. ಇತ್ತ ಕನ್ನಂಬಾಡಿಯ ನಾಲೆಯ ನೀರು ಗದ್ದೆಗೆ ಹರಿದಂತೆ, ಪಂಪುಗಳು ಬಂದಂತೆ, ಕಪಿಲೆಯ ಚೀಲಕ್ಕೆ ಕೆಲಸವಿಲ್ಲದಾಯಿತು. ಇದನ್ನೆಲ್ಲ ನಾನು ವಿವರಿಸಿದಾಗ ವೃದ್ಧರು ಕೇಳಿ, ತಮ್ಮ ತಂದೆಗೆ ತೊಗಲಿನ ಕೆಲಸಕ್ಕೆ ಕೂಲಿಯೆಂಬುದೇ ಇರಲಿಲ್ಲವೆಂದೂ, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಕೊಟ್ಟಷ್ಟು ಧಾನ್ಯವನ್ನು ಪಡೆಯಬೇಕಾಗಿತ್ತೆಂದೂ ಹೇಳಿ, ‘ಕಸುಬು ಹೋಯ್ತು ಅಂತ ನಮ್ಮಟ್ಟೀಲಿ ಯಾರೂ ಅಳಲಿಲ್ಲ’ ಎಂದರು. ಈ ಮಾತಿಗೆ ಉತ್ತರ ಕೊಡಬಲ್ಲ ಪುಸ್ತಕವನ್ನು ನಾನು ಓದಿಲ್ಲ.

ಆದುದರಿಂದ ಗ್ರಾಮೋದ್ಯೋಗದ ಪುನರುಜ್ಜೀವನವೆಂಬ ದೊಡ್ಡ ಹೆಸರನ್ನು ನನ್ನ ಹಿತ್ತಿಲಿನ ಕೆಲಸಕ್ಕೆ ಇಡಲಾರೆನು. ಕಸಬನ್ನು ಬಿಟ್ಟವರು ಮತ್ತೆ ಅದಕ್ಕೆ ಬರಬೇಕೆಂದು ಹೇಳಲು ನಮಗೆ ಅಧಿಕಾರವಿಲ್ಲ. ತೊಗಲನ್ನು ಬಳಸುವ ನಾವು ಅದರ ಹತ್ತಿರಕ್ಕೆ ಹೋಗಬಹುದು, ಅಷ್ಟೆ. ಮೊಲ ಸಾಕುವ ಆಸೆಯುಳ್ಳ ಗೃಹಸ್ಥರು ನೆರಳು, ನೀರು, ಸೊಪ್ಪು ಈ ಮೂರನ್ನು ನೋಡಿಕೊಂಡು ಸಾಕಲಿ; ಲಾಭದ ಲೆಕ್ಕ ಮಾತ್ರ ಬೇಡ. ಒಂದು ತೊಗಲನ್ನಾದರೂ ಸ್ವಂತ ಕೈಯಿಂದ ಹೆರೆದು, ಸ್ವಂತ ಅಂಗಳದಲ್ಲಿ ಅದರ ವಾಸನೆಯನ್ನು ಸಹಿಸಿ, ಒಣಗುವ ತನಕ ಎಳೆದು ಹದಮಾಡಲಿ. ಆಮೇಲೆ ಪೇಟೆಯ ಬೀದಿಯಲ್ಲಿ ಕುಳಿತು ಚಪ್ಪಲಿ ಹೊಲಿಯುವವರೊಡನೆ ಐದು ರೂಪಾಯಿಗಾಗಿ ಚೌಕಾಶಿ ಮಾಡಲು ನಾಲಿಗೆ ಅಷ್ಟು ಸುಲಭವಾಗಿ ಏಳದು.